9 ವರ್ಷದ ಮಗಳು "ನಾನು ಬೇರೆ ಥರ" ಅಂತಾಳೆ. ಆಟಿಸಂ ಅಸೆಸ್‌ಮೆಂಟ್‌ಗೆ ಹೋಗೋ ಮುಂಚೆ ಏನೇನು ತಯಾರಿ?

ಎಲೆಮರೆ
ಎಲ್ಲರಿಗೂ ನಮಸ್ಕಾರ. ಮಗಳಿಗೆ 9 ವರ್ಷ. ಮಾತು ಸರಿಯಾದ ವಯಸ್ಸಿಗೇ ಬಂತು, ಓದಿನಲ್ಲಿ ಮುಂದು. ಆದರೆ "ಎಲ್ಲರಿಗೂ ಗೊತ್ತಿರೋ ರೂಲ್ಸು ನನಗೆ ಮಾತ್ರ ಯಾರೂ ಹೇಳಿಕೊಟ್ಟಿಲ್ಲ" ಅಂತ ಅವಳೇ ಹೇಳ್ತಾಳೆ. ಶಾಲೆಯಲ್ಲಿ ಇಡೀ ದಿನ ತೆಪ್ಪಗಿರ್ತಾಳೆ, ಮನೆಗೆ ಕಾಲಿಟ್ಟ ಕೂಡಲೇ ಸಿಡೀತಾಳೆ. ಸಾಕ್ಸಿನ ಹೊಲಿಗೆ ಬೆರಳಿಗೆ ತಾಗಬಾರದು, ಕುರ್ಚಿ ಎಳೆದ ಸದ್ದಿಗೆ ಕಿವಿ ಮುಚ್ಕೋತಾಳೆ, ಬಾವಲಿಗಳ ವಿಷಯ ಶುರುವಾದ್ರೆ ನಿಲ್ಲಿಸೋದೇ ಇಲ್ಲ. ಮಕ್ಕಳ ಡಾಕ್ಟರು "ಕಣ್ಣಲ್ಲಿ ಕಣ್ಣಿಟ್ಟು ನೋಡಿ ಮಾತಾಡ್ತಾಳಲ್ಲ, ಆಟಿಸಂ ಇರಲ್ಲ ಬಿಡಿ" ಅಂದ್ರು. ಶಾಲೆಯವರು "ಕಂಪ್ಲೇಂಟೇ ಇಲ್ಲ" ಅಂತಾರೆ. ಆದರೂ ಅಸೆಸ್‌ಮೆಂಟ್ ಮಾಡಿಸೋದು ಅಂತ ನಿರ್ಧಾರ ಮಾಡಿದ್ದೀವಿ. ಎಲ್ಲಿಂದ ಶುರು ಮಾಡೋದು, ಏನೇನು ಕೇಳ್ತಾರೆ, ನಾವು ಏನು ಬರೆದಿಟ್ಟುಕೊಳ್ಳಬೇಕು? ವಿವರವಾಗಿ ಹೇಳಿ ದಯವಿಟ್ಟು.

ಅಳತೆಗೋಲು
ಕಣ್ಣಿಟ್ಟು ನೋಡ್ತಾಳೆ ಅನ್ನೋ ಒಂದೇ ಕಾರಣಕ್ಕೆ ಆಟಿಸಂ ಇಲ್ಲ ಅನ್ನೋಕಾಗಲ್ಲ ಮೇಡಂ. ಡಿಎಸ್‌ಎಂ-5ರಲ್ಲಿ (ರೋಗನಿರ್ಣಯಕ್ಕೆ ಮನೋವೈದ್ಯರು ಬಳಸೋ ಅಮೆರಿಕದ ಕೈಪಿಡಿ) ನೋಡೋದು ಹೀಗೆ: ಸಾಮಾಜಿಕ ಸಂವಹನದಲ್ಲಿ ಮೂರು ಭಾಗ ಇವೆ. ಮಾತು-ಭಾವನೆಗಳ ಕೊಡುಕೊಳ್ಳುವಿಕೆ, ಮಾತಿಲ್ಲದ ಸಂವಹನ, ಸ್ನೇಹ ಬೆಳೆಸಿ ಉಳಿಸಿಕೊಳ್ಳೋದು. ಮೂರರಲ್ಲೂ ತೊಂದರೆ ಕಾಣಬೇಕು. ಎರಡನೇ ಗುಂಪಿನಲ್ಲಿ ನಾಲ್ಕು: ಒಂದೇ ಥರದ ಚಲನೆ ಅಥವಾ ಮಾತು, ಬದಲಾವಣೆ ಸಹಿಸದಿರೋದು, ಒಂದೇ ವಿಷಯದಲ್ಲಿ ವಿಪರೀತ ಆಸಕ್ತಿ, ಸದ್ದು-ಸ್ಪರ್ಶ-ಬೆಳಕಿಗೆ ಅತಿಯಾದ ಅಥವಾ ಕಡಿಮೆ ಪ್ರತಿಕ್ರಿಯೆ. ಈ ನಾಲ್ಕರಲ್ಲಿ ಎರಡು ಇದ್ದರೆ ಸಾಕು. ಈಗ ಕಾಣದೇ ಹೋದರೂ ಹಿಂದೆ ಇತ್ತು ಅನ್ನೋದಕ್ಕೆ ಆಧಾರ ಇದ್ದರೆ ಅದನ್ನೂ ಲೆಕ್ಕಕ್ಕೆ ತಗೋತಾರೆ.

ಕಣ್ಣಿನ ನೋಟ ಎರಡನೇ ಭಾಗದ ಒಂದು ತುಣುಕು ಅಷ್ಟೇ. ಅದರಲ್ಲೂ ನೋಡ್ತಾಳೋ ಇಲ್ಲವೋ ಅನ್ನೋದಕ್ಕಿಂತ ನೋಟ, ಮುಖಭಾವ, ಕೈಸನ್ನೆ, ಮಾತು ಇವೆಲ್ಲ ಒಟ್ಟಿಗೆ ಬರ್ತವಾ ಅನ್ನೋದು ಮುಖ್ಯ. ಎಷ್ಟೋ ಮಕ್ಕಳು "ಹುಬ್ಬಿನ ಮಧ್ಯೆ ನೋಡು" ಅಂತ ತಾವೇ ಕಲಿತಿರ್ತಾರೆ.

ಇನ್ನೊಂದು ವಿಷಯ. ಲಕ್ಷಣಗಳು ಚಿಕ್ಕಂದಿನಿಂದಲೇ ಇರಬೇಕು ನಿಜ, ಆದರೆ ಸುತ್ತಲಿನ ಬೇಡಿಕೆ ಮಗುವಿನ ಶಕ್ತಿ ಮೀರೋ ತನಕ ಅವು ಪೂರ್ತಿ ಹೊರಗೆ ಕಾಣದೇ ಇರಬಹುದು, ಕಲಿತ ಉಪಾಯಗಳ ಹಿಂದೆ ಅಡಗಿರಬಹುದು ಅಂತ ಮಾನದಂಡದಲ್ಲೇ ಬರೆದಿದೆ. 8-9 ವರ್ಷಕ್ಕೆ ಗೆಳತಿಯರ ನಡುವಿನ ಮಾತು ಸೂಕ್ಷ್ಮ ಆಗತ್ತೆ, ಗುಂಪುಗಳು ಹುಟ್ಟತ್ತೆ, ಅಲ್ಲಿ ಎಡವೋದು ಶುರುವಾಗತ್ತೆ. ಹಾಗಾಗಿ ಈ ವಯಸ್ಸಿನಲ್ಲಿ ಪ್ರಶ್ನೆ ಏಳೋದರಲ್ಲಿ ಆಶ್ಚರ್ಯ ಏನೂ ಇಲ್ಲ.

ಬಿಳಿಹಾಳೆ
ಮೊದಲು ಆನ್‌ಲೈನಲ್ಲಿ ಎಂ-ಚಾಟ್ ಅನ್ನೋ ಆಟಿಸಂ ಪ್ರಶ್ನಾವಳಿ ಹಾಕಿ ನೋಡಿ, ಐದು ನಿಮಿಷದ ಕೆಲಸ.

ಅಳತೆಗೋಲು
@ಬಿಳಿಹಾಳೆ ಎಂ-ಚಾಟ್ 16ರಿಂದ 30 ತಿಂಗಳ ಮಕ್ಕಳಿಗೆ. 20 ಪ್ರಶ್ನೆ, ಹೆಚ್ಚಿನವು ಬೆರಳು ತೋರಿಸೋದು, ಹೆಸರು ಕರೆದರೆ ತಿರುಗೋದು, ಈ ಥರದ್ದು. 9 ವರ್ಷದ ಮಗುವಿಗೆ ಹಾಕಿದರೆ ಅದರಿಂದ ಏನೂ ತಿಳಿಯಲ್ಲ. ಈ ವಯಸ್ಸಿಗೆ ಎಸ್‌ಸಿಕ್ಯೂ (40 ಪ್ರಶ್ನೆ), ಎಸ್‌ಆರ್‌ಎಸ್-2 (65 ಪ್ರಶ್ನೆ), ಕ್ಯಾಸ್ಟ್ (37 ಪ್ರಶ್ನೆ, 4ರಿಂದ 11 ವರ್ಷ) ಇವೆ. ಇವೆಲ್ಲ ಸ್ಕ್ರೀನಿಂಗ್, ಅಂದ್ರೆ ಮೊದಲ ಹಂತದ ಸೋಸುವಿಕೆ. ಹೆಚ್ಚು ಅಂಕ ಬಂದರೆ ಮುಂದೆ ನೋಡಿಸಿ ಅಂತ ಅರ್ಥ, ಕಡಿಮೆ ಬಂದರೆ ಇಲ್ಲ ಅಂತ ಅರ್ಥ ಅಲ್ಲ. ಎಸ್‌ಆರ್‌ಎಸ್ ಅಂತೂ ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಸೋ ತೊಂದರೆ), ಆತಂಕ ಇರೋ ಮಕ್ಕಳಲ್ಲೂ ಏರತ್ತೆ.

ಹೊಳೆಸಾಲು
ಬೇರೆ ಏನು ಮಾಡೋ ಮುಂಚೆ ಕಿವಿ ಪರೀಕ್ಷೆ ಮಾಡಿಸಿ. ಸದ್ದಿಗೆ ಕಿವಿ ಮುಚ್ಕೋತಾಳೆ ಅಂದ್ರೆ ಚೆನ್ನಾಗೇ ಕೇಳ್ಸತ್ತೆ ಅಂತ ಎಲ್ಲರೂ ಅಂದುಕೋತಾರೆ, ಅದು ತಪ್ಪು. ಕಿವಿಯ ಮಧ್ಯಭಾಗದಲ್ಲಿ ನೀರು ತುಂಬಿದ್ರೆ ಕೆಲವು ದಿನ ಕಡಿಮೆ ಕೇಳತ್ತೆ, ಕೆಲವು ದಿನ ಸರಿ ಇರತ್ತೆ. ತರಗತಿಯ ಗದ್ದಲದಲ್ಲಿ ಅರ್ಧ ಮಾತು ತಪ್ಪಿ ಹೋದ ಮಗು ಕೂಡ "ಎಲ್ಲರಿಗೂ ಗೊತ್ತು, ನನಗೆ ಗೊತ್ತಿಲ್ಲ" ಅಂತಲೇ ಹೇಳತ್ತೆ. 9 ವರ್ಷದವರಿಗೆ ಹೆಡ್‌ಫೋನ್ ಹಾಕಿ ಬೀಪ್ ಕೇಳಿದಾಗ ಬಟನ್ ಒತ್ತಿಸೋ ಪ್ಯೂರ್ ಟೋನ್ ಆಡಿಯೋಮೆಟ್ರಿ, ಜೊತೆಗೆ ಕಿವಿಯ ಮಧ್ಯಭಾಗ ನೋಡೋ ಟಿಂಪನೋಮೆಟ್ರಿ ಸಾಕು. ಬೆರಾ (ಸದ್ದಿಗೆ ಮಿದುಳಿನ ಪ್ರತಿಕ್ರಿಯೆ ಅಳೆಯೋ ಪರೀಕ್ಷೆ) ಸಾಮಾನ್ಯವಾಗಿ ಬೇಕಾಗೋದು ಸಹಕರಿಸೋಕಾಗದ ಪುಟ್ಟ ಮಕ್ಕಳಿಗೆ. ಕಣ್ಣೂ ತೋರಿಸಿಬಿಡಿ. ಎರಡೂ ರಿಪೋರ್ಟ್ ಫೈಲಲ್ಲಿ ಇದ್ದರೆ ಅಸೆಸ್‌ಮೆಂಟ್ ದಿನ "ಮೊದಲು ಕಿವಿ ನೋಡಿಸ್ಕೊಂಡು ಬನ್ನಿ" ಅಂತ ವಾಪಸ್ ಕಳಿಸೋ ಪ್ರಮೇಯ ಬರಲ್ಲ.

ಸಂಜೆಮಲ್ಲಿಗೆ
ಬರೆದಿಡೋ ವಿಷಯಕ್ಕೆ ಬರ್ತೀನಿ ಅಕ್ಕಾ, ಹೆಚ್ಚಿನವರು ಎಡವೋದೇ ಇಲ್ಲಿ. "ಹಠ ಮಾಡ್ತಾಳೆ, ಸೂಕ್ಷ್ಮ ಸ್ವಭಾವ, ಒಂಟಿ" ಅಂತ ಬರೆದರೆ ಓದಿದವರಿಗೆ ಏನೂ ಸಿಗಲ್ಲ, ಅದೆಲ್ಲ ನಮ್ಮ ತೀರ್ಪು. ಕಂಡಿದ್ದನ್ನ ಕಂಡ ಹಾಗೆ ಬರೀಬೇಕು. ಹೀಗೆ ನೋಡಿ:

"ಬುಧವಾರ ಸಂಜೆ 4. ಮನೆಗೆ ಬಂದು ಬ್ಯಾಗ್ ಎಸೆದಳು. ಮೇಜಿನ ಕೆಳಗೆ ಹೋಗಿ 40 ನಿಮಿಷ ಕೂತಳು, ಕಿವಿ ಮುಚ್ಚಿಕೊಂಡು. ಮಾತಾಡಿಸಿದರೆ ಜೋರಾಯಿತು, ಸುಮ್ಮನೆ ಬಿಟ್ಟಾಗ ಕಡಿಮೆ ಆಯಿತು. ರಾತ್ರಿ ಹೇಳಿದ್ದು: ಡ್ರಾಯಿಂಗ್ ಪಿರಿಯಡ್‌ಗೆ ಬೇರೆ ಟೀಚರ್ ಬಂದು ಜಾಗ ಬದಲಾಯಿಸಿದರು."

ದಿನ, ಅದಕ್ಕೆ ಮುಂಚೆ ಏನಾಯಿತು, ಮಗು ಏನು ಮಾಡಿತು, ಎಷ್ಟು ಹೊತ್ತು, ಹೇಗೆ ಇಳಿಯಿತು. ಇಷ್ಟೇ. ಮೂರು-ನಾಲ್ಕು ವಾರ ಬರೆದರೆ ವಾರದ ಯಾವ ದಿನ, ಯಾವ ಪಿರಿಯಡ್ ಆದ ಮೇಲೆ ಜಾಸ್ತಿ ಅಂತ ತಾನಾಗೇ ಎದ್ದು ಕಾಣತ್ತೆ. ಚೆನ್ನಾಗಿದ್ದ ದಿನಗಳನ್ನೂ ಬರೀರಿ. ರಜೆಯಲ್ಲಿ ಎರಡು ವಾರ ಹೀಗೆ ಸಿಡಿಯೋ ಒಂದೂ ಮೆಲ್ಟ್‌ಡೌನ್ ಇಲ್ಲ ಅಂದ್ರೆ ಅದೂ ದೊಡ್ಡ ಮಾಹಿತಿ.

ಇನ್ನು ಚಿಕ್ಕಂದಿನದ್ದು. ಮೊದಲ ಪದ ಯಾವಾಗ, ಎರಡು ಪದ ಸೇರಿಸಿದ್ದು ಯಾವಾಗ, ಬೆರಳು ತೋರಿಸಿ "ಅಗೋ ನೋಡು" ಅನ್ನೋ ಥರ ತಂದು ತೋರಿಸ್ತಿದ್ದಳಾ ಅಥವಾ ಬೇಕಾದ್ದಕ್ಕೆ ಮಾತ್ರ ಕೈ ಹಿಡಿದು ಎಳೀತಿದ್ದಳಾ, ಗೊಂಬೆಗಳನ್ನ ಆಡಿಸ್ತಿದ್ದಳಾ ಜೋಡಿಸಿ ಇಡ್ತಿದ್ದಳಾ, ಬೇರೆ ಮಕ್ಕಳು ಬಂದಾಗ ಏನು ಮಾಡ್ತಿದ್ದಳು. ನೆನಪು ಕೈಕೊಡತ್ತೆ, ಅದಕ್ಕೆ ಅವಳು 2-3 ವರ್ಷದವಳಿದ್ದಾಗಿನ ಹಳೇ ವಿಡಿಯೋ ಹುಡುಕಿ. ಮಗು ಕ್ಯಾಮೆರಾ ಕಡೆ ನೋಡಿ ನಗೋ ವಿಡಿಯೋಗಿಂತ ಹಿಂದೆ ಎಲ್ಲೋ ತನ್ನ ಪಾಡಿಗೆ ಆಡ್ತಿರೋ ವಿಡಿಯೋನೇ ಉಪಯೋಗ. ಎರಡು ನಿಮಿಷದ ನಾಲ್ಕೈದು ತುಣುಕು ಸಾಕು.

ಕಡಲಹಕ್ಕಿ
ವಿಡಿಯೋ ಅಂದಾಗ ಒಂದು ಮಾತು. ಮಗು ಸಿಡಿದಾಗ ಫೋನ್ ಎತ್ತಿ ಹಿಡೀಬೇಡಿ. ಅದು ಅವಳ ಕಷ್ಟದ ಗಳಿಗೆ, ಅವಳಿಗೆ ಅವಮಾನ ಆಗತ್ತೆ, ನಂಬಿಕೆ ಹೋಗತ್ತೆ. ಬರೆದ ಟಿಪ್ಪಣಿ ಧಾರಾಳ ಸಾಕು. ತೆಗೆದ ವಿಡಿಯೋ ಡಾಕ್ಟರಿಗೆ ಬಿಟ್ಟು ಯಾವ ಗ್ರೂಪಿಗೂ ಹೋಗಬಾರದು.

ಸಂಜೆಮಲ್ಲಿಗೆ
ಹೌದು, ನೂರಕ್ಕೆ ನೂರು.

ತಿರುಗುಬಾಣ
ಎಲ್ಲರೂ ಓಡೋ ಮುಂಚೆ ಒಂದು ಪ್ರಶ್ನೆ. ಮಾರ್ಕ್ಸ್ ಬರ್ತಿದೆ, ಶಾಲೆಯಲ್ಲಿ ಗಲಾಟೆ ಇಲ್ಲ. ಈ ಹಣೆಪಟ್ಟಿ ಹಚ್ಚಿ ಏನು ಸಾಧಿಸೋದಿದೆ? ನಾಳೆ ಮಗು "ನನಗೆ ಆಟಿಸಂ, ನನ್ನ ಕೈಲಾಗಲ್ಲ" ಅಂತ ಕೂತರೆ?

ಕಡಲಹಕ್ಕಿ
ಹಣೆಪಟ್ಟಿ ಈಗಲೇ ಇದೆ ಸರ್. ಸೊಕ್ಕು, ನಾಟಕ, ಅತಿ ಸೂಕ್ಷ್ಮ, ಹಠಮಾರಿ. ಮಗು ತನಗೆ ತಾನೇ ಹಚ್ಚಿಕೊಂಡಿರೋದು "ನಾನು ಸರಿ ಇಲ್ಲ" ಅಂತ. ಇದಕ್ಕಿಂತ ಸರಿಯಾದ ಹೆಸರು ಮೇಲು. "ಗಲಾಟೆ ಇಲ್ಲ" ಅನ್ನೋದು ಶಾಲೆಗೆ ಅನುಕೂಲ, ಮಗುವಿಗೆ ಅಲ್ಲ. ಇಡೀ ದಿನ ಬೇರೆಯವರನ್ನ ನೋಡಿ ನಕಲು ಮಾಡಿ, ಮುಖಭಾವ ಅಳೆದು, ಆಡೋ ಮಾತು ಮೊದಲೇ ತಲೆಯಲ್ಲಿ ರಿಹರ್ಸಲ್ ಮಾಡಿ ಬರೋ ಮಗುವಿಗೆ ಸಂಜೆ ಹೊತ್ತಿಗೆ ಏನೂ ಉಳಿದಿರಲ್ಲ. ಹೀಗೆ ವರ್ಷಗಟ್ಟಲೆ ಮಾಸ್ಕಿಂಗ್ ಮಾಡೋದಕ್ಕೂ ಹದಿಹರೆಯದ ಆತಂಕ, ಖಿನ್ನತೆಗೂ ನಂಟಿದೆ. ಮಾರ್ಕ್ಸ್ ನೋಡಿ ಸುಮ್ಮನಿರೋದು ಸರಿಯಲ್ಲ.

ತಿರುಗುಬಾಣ
ನಕಲು ಎಲ್ಲಾ ಮಕ್ಕಳೂ ಮಾಡ್ತಾರೆ. ನಾಚಿಕೆ ಸ್ವಭಾವಕ್ಕೂ ಇದಕ್ಕೂ ಗೆರೆ ಎಲ್ಲಿ?

ಅಳತೆಗೋಲು
ಒಳ್ಳೇ ಪ್ರಶ್ನೆ, ಅಸೆಸ್‌ಮೆಂಟ್ ಇರೋದೇ ಅದಕ್ಕೆ. ನಾಚಿಕೆಯ ಮಗು ಪರಿಚಯ ಆದ ಮೇಲೆ ಬಿಚ್ಚಿಕೊಳ್ಳತ್ತೆ, ಎದುರಿನವರ ಸನ್ನೆ ಓದೋಕೆ ಬರತ್ತೆ, ಧೈರ್ಯ ಸಾಲಲ್ಲ ಅಷ್ಟೇ. ಸಾಮಾಜಿಕ ಆತಂಕದ ಮಗು "ನಗ್ತಾರೇನೋ" ಅಂತ ಹೆದರತ್ತೆ. ಆಟಿಸಂ ಇರೋ ಮಗು ಎಷ್ಟೋ ಸಲ ಹೆದರದೇ ಹೋಗಿ ಮಾತಾಡಿಸತ್ತೆ, ಆದರೆ ಎದುರಿನವರಿಗೆ ಬೇಜಾರಾಗಿದ್ದು ಗೊತ್ತಾಗದೇ ಬಾವಲಿ ಕಥೆ ಮುಂದುವರಿಸತ್ತೆ. ಪದೇ ಪದೇ ಏಟು ತಿಂದ ಮೇಲೆ ಆತಂಕವೂ ಸೇರಿಕೊಳ್ಳತ್ತೆ, ಆಗ ಎರಡನ್ನೂ ಬೇರೆ ಮಾಡೋಕೆ ಚಿಕ್ಕಂದಿನ ವಿವರ ಬೇಕು. ಅದಕ್ಕೇ ಸಂಜೆಮಲ್ಲಿಗೆ ಹೇಳಿದ ಹಳೇ ವಿಡಿಯೋಗೆ ಅಷ್ಟು ಬೆಲೆ.

ಮೂರನೇಬೆಂಚು
ಶಾಲೆಯ ಕಡೆಯಿಂದ ಹೇಳ್ತೀನಿ. "ನಮ್ಮ ಹುಡುಗಿ ಹೇಗಿದ್ದಾಳೆ?" ಅಂತ ಕೇಳಿದ್ರೆ "ಚೆನ್ನಾಗಿದ್ದಾಳೆ" ಅಂತಲೇ ಉತ್ತರ ಬರೋದು. ನಲವತ್ತು ಮಕ್ಕಳಲ್ಲಿ ಸದ್ದು ಮಾಡದ ಮಗು ಟೀಚರ ಕಣ್ಣಿಗೆ ಬೀಳಲ್ಲ. ಪ್ರಶ್ನೆ ಹರಿತ ಇರಲಿ:

ಬಿಡುವಿನಲ್ಲಿ ಎಲ್ಲಿರ್ತಾಳೆ, ಯಾರ ಜೊತೆ, ಪ್ರತಿ ದಿನ ಅದೇ ಒಬ್ಬಳಾ? ಗುಂಪು ಕೆಲಸ ಕೊಟ್ಟಾಗ ಎಲ್ಲವನ್ನೂ ತಾನೇ ನಿರ್ಧರಿಸ್ತಾಳಾ, ಅಥವಾ ಅಂಚಿನಲ್ಲಿ ಕೂತು ನೋಡ್ತಾಳಾ? ಇಡೀ ತರಗತಿಗೆ ಹೇಳಿದ್ದನ್ನ ತಾನು ಮಾಡ್ತಾಳಾ, ಪಕ್ಕದವರನ್ನ ನೋಡಿಕೊಂಡು ಮಾಡ್ತಾಳಾ? ಟೈಮ್‌ಟೇಬಲ್ ಬದಲಾದ ದಿನ ಏನು ವ್ಯತ್ಯಾಸ? ಶೌಚಾಲಯಕ್ಕೆ ಹೋಗ್ತಾಳಾ? (ಈ ಕೊನೇ ಪ್ರಶ್ನೆ ಮರೀಬೇಡಿ. ಸದ್ದು, ವಾಸನೆಗೆ ಹೆದರಿ ದಿನವಿಡೀ ತಡೆದುಕೊಳ್ಳೋ ಮಕ್ಕಳಿದ್ದಾರೆ, ನೀರೇ ಕುಡಿಯಲ್ಲ.) ತಮಾಷೆ, ಗಾದೆ, ಚುಚ್ಚುಮಾತು ಅರ್ಥ ಆಗತ್ತಾ?

ಸಾಧ್ಯವಾದರೆ ಇಬ್ಬರು ಬೇರೆ ಬೇರೆ ಟೀಚರ ಹತ್ತಿರ ಬರೆಸಿಕೊಳ್ಳಿ. ಕ್ಲಾಸ್ ಟೀಚರಿಗಿಂತ ಆಟದ ಮೇಷ್ಟ್ರು, ಬಸ್ಸಿನ ಆಯಾ ಹೆಚ್ಚು ಗಮನಿಸಿರ್ತಾರೆ.

ಎಲೆಮರೆ
ಬಸ್ಸಿನ ಆಯಾ ವಿಷಯ ಹೊಳೆದೇ ಇರಲಿಲ್ಲ, ಧನ್ಯವಾದ. ಅಸೆಸ್‌ಮೆಂಟ್ ದಿನ ನಿಜವಾಗಿ ಏನು ನಡೆಯತ್ತೆ? ಯಾರು ಮಾಡ್ತಾರೆ?

ಹೊಳೆಸಾಲು
ಮಕ್ಕಳ ಬೆಳವಣಿಗೆಯ ವೈದ್ಯರು, ಮಕ್ಕಳ ಮನೋವೈದ್ಯರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್ ಮುಂದಾಳು, ಜೊತೆಗೆ ಸ್ಪೀಚ್ ಥೆರಪಿಸ್ಟ್, ಓಟಿ (ಆಕ್ಯುಪೇಷನಲ್ ಥೆರಪಿಸ್ಟ್) ಇದ್ದರೆ ಉತ್ತಮ. ಒಬ್ಬರೇ 20 ನಿಮಿಷ ಮಾತಾಡಿಸಿ "ಇದೆ" ಅಂದರೂ ನಂಬಬೇಡಿ, "ಇಲ್ಲ" ಅಂದರೂ ನಂಬಬೇಡಿ.

ಅಳತೆಗೋಲು
ದೊಡ್ಡ ಭಾಗ ನಿಮ್ಮ ಜೊತೆಗಿನ ಸಂದರ್ಶನ. ಅದಕ್ಕೆ ಎಡಿಐ-ಆರ್ ಅನ್ನೋ ಪ್ರಶ್ನಾವಳಿ ಬಳಸಿದರೆ 93 ಪ್ರಶ್ನೆ, ಒಂದೂವರೆಯಿಂದ ಎರಡೂವರೆ ಗಂಟೆ. ಮಗು ಎದುರಿಗೆ ಇರಬಾರದು ಅಂತ ಮೊದಲೇ ಕೇಳಿಕೊಳ್ಳಿ, ತನ್ನ ಕೊರತೆಗಳ ಪಟ್ಟಿಯನ್ನ ಅವಳು ಕೂತು ಕೇಳಿಸಿಕೊಳ್ಳೋದು ಬೇಡ.

ಮಗುವಿನ ಜೊತೆಗಿನ ನೇರ ವೀಕ್ಷಣೆಗೆ ಎಡಾಸ್-2 ಅನ್ನೋ ಪರೀಕ್ಷೆ. ಐದು ಮಾಡ್ಯೂಲ್ ಇವೆ, ವಯಸ್ಸು ಮತ್ತು ಮಾತಿನ ಮಟ್ಟ ನೋಡಿ ಒಂದನ್ನ ಆರಿಸ್ತಾರೆ. ನಿಮ್ಮ ಮಗಳಿಗೆ ಮಾಡ್ಯೂಲ್ 3 ಬರಬಹುದು. 40ರಿಂದ 60 ನಿಮಿಷ. ಬೇರೆ ದಿನ ಬುದ್ಧಿಮಟ್ಟದ ಪರೀಕ್ಷೆ, ಈ ವಯಸ್ಸಿಗೆ ಸಾಮಾನ್ಯವಾಗಿ ವಿಸ್ಕ್. ಅದರಲ್ಲಿ ಒಟ್ಟು ಐಕ್ಯೂಗಿಂತ ಒಳಗಿನ ಏರಿಳಿತ ನೋಡಿ. ಪದಜ್ಞಾನ ತುಂಬಾ ಮೇಲೆ, ಪ್ರೊಸೆಸಿಂಗ್ ವೇಗ ತುಂಬಾ ಕೆಳಗೆ ಇದ್ದರೆ ನೋಟ್ಸ್ ಬರೆಯೋದು ಯಾಕೆ ಮುಗಿಯಲ್ಲ ಅಂತ ಗೊತ್ತಾಗತ್ತೆ.

ಆಮೇಲೆ ವೈನ್‌ಲ್ಯಾಂಡ್. ದಿನನಿತ್ಯದ ಕೆಲಸ, ಸಂವಹನ, ಬೆರೆಯೋದು ಇವನ್ನ ಅಳೆಯೋದು. ಸರಾಸರಿ 100. ಐಕ್ಯೂ 120 ಇದ್ದು ವೈನ್‌ಲ್ಯಾಂಡ್‌ನಲ್ಲಿ ಬೆರೆಯೋ ಅಂಕ 75 ಬಂದರೆ ಆ ಅಂತರವೇ ಶಾಲೆಗೆ ತೋರಿಸೋ ಗಟ್ಟಿ ಪುರಾವೆ. ಇಲ್ಲಿ ತಂದೆತಾಯಿ ಮಾಡೋ ತಪ್ಪು ಅಂದ್ರೆ, "ಮಾಡೋಕೆ ಬರತ್ತಾ" ಅಂತ ಅಂದುಕೊಂಡು ಉತ್ತರ ಕೊಡೋದು. ಕೇಳೋದು "ಯಾರೂ ಹೇಳದೇ ತಾನಾಗಿ ಮಾಡ್ತಾಳಾ" ಅಂತ. ಹಲ್ಲುಜ್ಜೋಕೆ ಬರತ್ತೆ, ಆದರೆ ಪ್ರತಿ ದಿನ ಐದು ಸಲ ಹೇಳಬೇಕು ಅಂದ್ರೆ ಹಾಗೇ ಹೇಳಿ.

ಗರಿಗೆದರು
ಎಡಾಸ್‌ನಲ್ಲಿ ಏನೇನು ಮಾಡಿಸ್ತಾರೆ ಅಂತ ನಾನು ಒಂದೊಂದಾಗಿ ಹೇಳಬಲ್ಲೆ. ಮೊದಲು ಒಂದು ಜೋಡಿಸೋ ಆಟ ಕೊಟ್ಟು

ಅಳತೆಗೋಲು
ದಯವಿಟ್ಟು ಬೇಡ. ಮೊದಲೇ ಗೊತ್ತಿದ್ದರೆ ಯಾವ ತಂದೆತಾಯಿಯೂ ಮನೆಯಲ್ಲಿ ಒಂದು ಸಲ ಮಾಡಿಸಿ ನೋಡದೇ ಇರಲ್ಲ. ಚೆನ್ನಾಗಿ ನಕಲು ಮಾಡೋ ಮಗುವಿಗೆ ಅಷ್ಟೇ ಸಾಕು, ಅಂಕ ಕಡಿಮೆ ಬಂದು ಫಲಿತಾಂಶವೇ ಹಾಳು.

ಗರಿಗೆದರು
ಮಗುವಿನ ಗಾಬರಿ ಕಡಿಮೆ ಆಗಲಿ ಅಂತ ಹೇಳಹೊರಟೆ. ಏನೂ ಗೊತ್ತಿಲ್ಲದೇ ಹೋಗೋದು ಇಂಥ ಮಕ್ಕಳಿಗೆ ನರಕ.

ಅಳತೆಗೋಲು
ಅದನ್ನ ಒಪ್ತೀನಿ. ಕಟ್ಟಡ, ಕೋಣೆ, ಯಾರು ಇರ್ತಾರೆ, ಎಷ್ಟು ಹೊತ್ತು, ಬಿಡುವು ಯಾವಾಗ, ಇದೆಲ್ಲ ಹೇಳಿ. ಫೋಟೋ ಕೇಳಿ ತರಿಸಿಕೊಳ್ಳಿ. ಚಟುವಟಿಕೆಗಳ ವಿವರ ಮಾತ್ರ ಬೇಡ.

ಮಾತು ಬಂತು ಅಂತ ಇನ್ನೊಂದು: ಎಡಾಸ್ ಅಂಕ ಒಂದರಿಂದಲೇ ರೋಗನಿರ್ಣಯ ಆಗಲ್ಲ. ಒಬ್ಬ ಸಮಾಧಾನದ ದೊಡ್ಡವರು, ಸದ್ದಿಲ್ಲದ ಕೋಣೆ, ಒಂದು ಗಂಟೆ. ಮಾಸ್ಕಿಂಗ್ ಮಾಡೋ ಹುಡುಗಿ ಅಲ್ಲಿ ಪಾಸಾಗಿಬಿಡಬಹುದು. ಎಲ್ಲ ಮೂಲಗಳನ್ನೂ ಸೇರಿಸಿ ನೋಡಿದ ಮೇಲೆ ಹೇಳೋದು ತಜ್ಞರ ತೀರ್ಮಾನ. ಕಾರ್ಸ್-2 ಅನ್ನೋ ಇನ್ನೊಂದು ಆಟಿಸಂ ಮಾಪನ ಮಾಡೋರಾದ್ರೆ ಯಾವ ಫಾರ್ಮ್ ಅಂತ ಕೇಳಿ. 6 ವರ್ಷ ದಾಟಿದ, ಚೆನ್ನಾಗಿ ಮಾತಾಡೋ, ಐಕ್ಯೂ 80ರ ಮೇಲಿರೋ ಮಕ್ಕಳಿಗೆ ಬೇರೆ ಫಾರ್ಮ್ ಇದೆ. ಸ್ಟ್ಯಾಂಡರ್ಡ್ ಫಾರ್ಮಿನಲ್ಲಿ 30 ದಾಟಲಿಲ್ಲ, ಹಾಗಾಗಿ ಇಲ್ಲ ಅಂದರೆ ಒಪ್ಪಬೇಡಿ.

ನುಡಿಕೋಲು
ಯಾವ ಭಾಷೆಯಲ್ಲಿ ಪರೀಕ್ಷೆ ಅನ್ನೋದನ್ನ ಯಾರೂ ಎತ್ತಲಿಲ್ಲ. ಮನೆಯ ಮಾತು ಒಂದು, ಶಾಲೆಯ ಮಾತು ಇನ್ನೊಂದು ಆಗಿದ್ರೆ, ಮಗುವಿಗೆ ಯಾವುದು ಗಟ್ಟಿಯೋ ಅದರಲ್ಲೇ ಆಗಬೇಕು. ಶಾಲೆಯ ಭಾಷೆಯಲ್ಲಿ ಪಾಠ ಒಪ್ಪಿಸೋ ಮಗು ಅದೇ ಭಾಷೆಯಲ್ಲಿ ಭಾವನೆ ಹೇಳೋಕೆ ತಡವರಿಸತ್ತೆ, ಅದನ್ನ ಆಟಿಸಂ ಲೆಕ್ಕಕ್ಕೆ ಹಾಕಿಬಿಡೋ ಅಪಾಯ ಇದೆ. ಬುಕ್ ಮಾಡುವಾಗಲೇ ಕೇಳಿ.

ಎರಡು ಭಾಷೆಯಿಂದ ಆಟಿಸಂ ಬರಲ್ಲ, ಜಾಸ್ತಿಯೂ ಆಗಲ್ಲ. "ಮನೆ ಮಾತು ಬಿಟ್ಟು ಒಂದೇ ಭಾಷೆ ಆಡಿ" ಅಂತ ಯಾರಾದ್ರೂ ಹೇಳಿದ್ರೆ ಕೇಳಬೇಡಿ. ಅಜ್ಜಿ ತಾತನ ಜೊತೆಗಿನ ಮಾತೇ ನಿಂತುಹೋಗತ್ತೆ.

ಭಾಷಾ ಪರೀಕ್ಷೆಯಲ್ಲಿ ಪದಕೋಶ, ವ್ಯಾಕರಣ ಮಾತ್ರ ನೋಡಿ "ನಾರ್ಮಲ್" ಅಂತ ಬರೆಯೋದುಂಟು. ಇಂಥ ಮಕ್ಕಳಿಗೆ ತೊಡಕಿರೋದು ಮಾತನ್ನ ಬಳಸೋದರಲ್ಲಿ. ಸರದಿ ಕಾಯೋದು, ಕೇಳೋರಿಗೆ ಎಷ್ಟು ಗೊತ್ತು ಅಂತ ಅಂದಾಜಿಸೋದು, ಕಥೆ ಹೇಳುವಾಗ "ಅವನು" ಅಂದ್ರೆ ಯಾರು ಅಂತ ತಿಳಿಸೋದು, ಸುತ್ತಿ ಬಳಸಿ ಹೇಳಿದ್ದು ಅರ್ಥ ಮಾಡಿಕೊಳ್ಳೋದು. ಪ್ರಾಗ್ಮ್ಯಾಟಿಕ್ಸ್ (ಮಾತಿನ ಈ ಬಳಕೆ) ಕೂಡ ನೋಡ್ತೀರಾ ಅಂತ ಬಾಯಿಬಿಟ್ಟು ಕೇಳಿ. ಇದೊಂದೇ ತೊಂದರೆ ಇದ್ದು, ಸೆನ್ಸರಿ (ಸದ್ದು-ಸ್ಪರ್ಶ-ಬೆಳಕು), ಬದಲಾವಣೆ, ಆಸಕ್ತಿ ಈ ಕಡೆಯ ಲಕ್ಷಣ ಈಗಲೂ ಇಲ್ಲ, ಹಿಂದೆಯೂ ಇರಲಿಲ್ಲ ಅಂದ್ರೆ ಅದಕ್ಕೆ ಬೇರೆ ಹೆಸರಿದೆ, ಸೋಷಿಯಲ್ ಕಮ್ಯುನಿಕೇಷನ್ ಡಿಸಾರ್ಡರ್.

ಬಿಳಿಹಾಳೆ
ಎಂಆರ್‌ಐ, ಇಇಜಿ, ಬ್ರೈನ್ ಮ್ಯಾಪಿಂಗ್ ಎಲ್ಲ ಸೇರಿಸಿ ಪ್ಯಾಕೇಜ್ ಕೊಡೋರಿದ್ದಾರೆ. ಅದನ್ನ ಮಾಡಿಸಿದ್ರೆ ಖಚಿತ ಆಗಲ್ವಾ?

ಹೊಳೆಸಾಲು
ಆಗಲ್ಲ. ಆಟಿಸಂ ಇದೆಯಾ ಇಲ್ಲವಾ ಅಂತ ಹೇಳೋ ರಕ್ತಪರೀಕ್ಷೆಯೂ ಇಲ್ಲ, ಸ್ಕ್ಯಾನೂ ಇಲ್ಲ. ಇಇಜಿ ಬೇಕಾಗೋದು ಫಿಟ್ಸ್ ಅನುಮಾನ ಇದ್ದರೆ: ಇದ್ದಕ್ಕಿದ್ದ ಹಾಗೆ ಶೂನ್ಯ ನೋಟ, ಮುಟ್ಟಿ ಕರೆದರೂ ಎಚ್ಚರ ಇಲ್ಲ, ನಿದ್ದೆಯಲ್ಲಿ ಜರ್ಕ್. ಬಂದ ಮಾತು, ಕಲಿತ ಕೌಶಲ 3 ವರ್ಷ ಆದ ಮೇಲೆ ಕಳೆದುಹೋದರೆ ತಡಮಾಡದೇ ನರರೋಗ ತಜ್ಞರಿಗೆ ತೋರಿಸಬೇಕು. ಮೈಮೇಲೆ ಬಿಳಿ ಅಥವಾ ಕಾಫಿ ಬಣ್ಣದ ಮಚ್ಚೆ, ತಲೆ ಸುತ್ತಳತೆ ಇವನ್ನ ವೈದ್ಯರು ನೋಡಲೇಬೇಕು. ಬೌದ್ಧಿಕ ಬೆಳವಣಿಗೆಯೂ ಹಿಂದಿದ್ದರೆ ಅಥವಾ ದೇಹದಲ್ಲಿ ಬೇರೆ ಗುರುತುಗಳಿದ್ದರೆ ಮೈಕ್ರೋಅರೇ, ಫ್ರಜೈಲ್ ಎಕ್ಸ್ ಥರದ ಜೆನೆಟಿಕ್ ಪರೀಕ್ಷೆ. ಅದೂ ಕಾರಣ ಹುಡುಕೋಕೆ, ಆಟಿಸಂ ಖಚಿತಪಡಿಸೋಕೆ ಅಲ್ಲ. ಸ್ಟೆಮ್ ಸೆಲ್, ಕೀಲೇಷನ್ (ಮೈಯಿಂದ ಲೋಹದ ಅಂಶ ತೆಗೆಯೋ ಔಷಧ) ಅಂತ ಚಿಕಿತ್ಸೆ ಮಾರೋರ ಬಾಗಿಲಿಗಂತೂ ಹೋಗಲೇಬೇಡಿ. ಕೀಲೇಷನ್‌ನಿಂದ ಮಕ್ಕಳ ಜೀವ ಹೋಗಿದೆ.

ತಿರುಗುಬಾಣ
ಈಗಿನ ಮಕ್ಕಳಲ್ಲೇ ಇದೆಲ್ಲ ಯಾಕೆ ಜಾಸ್ತಿ? ಲಸಿಕೆ, ಮೊಬೈಲು ಅಂತ ಹೇಳೋರಿದ್ದಾರಲ್ಲ.

ನುಡಿಕೋಲು
ಲಸಿಕೆ ಕಥೆ 1998ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದ 12 ಮಕ್ಕಳ ಪ್ರಬಂಧದಿಂದ ಹುಟ್ಟಿದ್ದು. 2010ರಲ್ಲಿ ಪತ್ರಿಕೆಯೇ ಅದನ್ನ ಹಿಂತೆಗೆದುಕೊಂಡಿತು. ಆಮೇಲೆ ಲಕ್ಷಗಟ್ಟಲೆ ಮಕ್ಕಳನ್ನ ನೋಡಿದ ಅಧ್ಯಯನಗಳಲ್ಲಿ ನಂಟು ಸಿಕ್ಕಿಲ್ಲ. ಹೆಚ್ಚಾಗಿ ಕಾಣೋದಕ್ಕೆ ಮಾನದಂಡ ಅಗಲ ಆಗಿದ್ದು, ಗುರುತಿಸೋರು ಹೆಚ್ಚಿದ್ದು ದೊಡ್ಡ ಕಾರಣ. ಮೊದಲು ಹೆಚ್ಚಾಗಿ ಹುಡುಗರನ್ನೇ ನೋಡ್ತಿದ್ದರು. ಒಬ್ಬ ಹುಡುಗಿಗೆ ನಾಲ್ವರು ಹುಡುಗರು ಅನ್ನೋ ಲೆಕ್ಕ ಬಹಳ ಕಾಲ ಓಡಿತು, 2017ರ ವಿಶ್ಲೇಷಣೆಯೊಂದು ಅದು ಮೂವರ ಹತ್ತಿರ ಅಂತ ಹೇಳಿತು. ಮೊಬೈಲು ಜಾಸ್ತಿ ಆದ್ರೆ ಮಾತು, ನಿದ್ದೆ ಕೆಡಬಹುದು, ಅದನ್ನ ಕಡಿಮೆ ಮಾಡಿ. 9 ವರ್ಷದ ಈ ಚಿತ್ರಕ್ಕೆ ಅದು ವಿವರಣೆ ಅಲ್ಲ.

ಕಡಲಹಕ್ಕಿ
ಇದನ್ನ ಇಲ್ಲಿಗೇ ಬಿಡೋಣ, ಮೂಲ ಪ್ರಶ್ನೆಗೆ ಬರೋಣ. @ಎಲೆಮರೆ ಎಡಿಎಚ್‌ಡಿಯನ್ನೂ ಜೊತೆಗೇ ನೋಡಿ ಅಂತ ಹೇಳಿ. 2013ಕ್ಕೆ ಮುಂಚೆ ಎರಡನ್ನೂ ಒಟ್ಟಿಗೆ ಬರೆಯೋಕೆ ಡಿಎಸ್‌ಎಂ ಬಿಡ್ತಿರಲಿಲ್ಲ, ಈಗ ಬರೀತಾರೆ, ಎರಡೂ ಇರೋ ಮಕ್ಕಳು ಬಹಳ. ಗಮನ ತಪ್ಪೋ ಹುಡುಗಿ ಓಡಾಡಲ್ಲ, ಕನಸು ಕಾಣ್ತಾ ಕೂತಿರ್ತಾಳೆ, ಹಾಗಾಗಿ ಅದೂ ತಪ್ಪಿಹೋಗತ್ತೆ. ನಿದ್ದೆ, ಮಲಬದ್ಧತೆ ಬಗ್ಗೆಯೂ ಹೇಳಿ. ಇವೆರಡು ಸರಿ ಇಲ್ಲದಿದ್ದರೆ ಸಂಜೆ ಸಿಡಿಯೋದು ಇಮ್ಮಡಿ ಆಗತ್ತೆ.

ಮೂರನೇಬೆಂಚು
ಯಾರಾದ್ರೂ ಹಿಂಸೆ ಕೊಡ್ತಿದ್ದಾರಾ ಅಂತಲೂ ನೋಡಿ. "ಗೆಳತಿಯರು" ಅಂತ ಹೇಳೋ ಗುಂಪೇ ಕಾಡಿಸ್ತಿರಬಹುದು, ಇವಳಿಗೆ ಅದು ಆಟ ಅಂತ ಅನಿಸಿರಬಹುದು.

ಎಲೆಮರೆ
ಇಷ್ಟೆಲ್ಲ ಆದ ಮೇಲೂ "ಇಲ್ಲ" ಅಂದುಬಿಟ್ಟರೆ? ಮತ್ತೆ, ಅಪಾಯಿಂಟ್‌ಮೆಂಟ್ ಸಿಗೋಕೆ ತಿಂಗಳುಗಟ್ಟಲೆ ಕಾಯಬೇಕು ಅಂತಿದ್ದಾರೆ.

ಅಳತೆಗೋಲು
ಯಾವ ಮಾನದಂಡಕ್ಕೆ ಪುರಾವೆ ಸಾಲಲಿಲ್ಲ ಅಂತ ಬರವಣಿಗೆಯಲ್ಲಿ ಕೇಳಿ. ಕೆಲವೊಮ್ಮೆ ಉತ್ತರ ಸಮಂಜಸವಾಗೇ ಇರತ್ತೆ, ಆತಂಕವೋ ಕಲಿಕೆಯ ತೊಡಕೋ ಸಿಕ್ಕಿರತ್ತೆ, ಅದಕ್ಕೆ ದಾರಿ ಇದೆ. "ಕಣ್ಣಿಟ್ಟು ನೋಡಿದಳು, ನಗುನಗುತ್ತಾ ಮಾತಾಡಿದಳು" ಅಷ್ಟೇ ಬರೆದಿದ್ದರೆ, ಶಾಲೆಯ ಮಾಹಿತಿ ತಗೊಂಡಿಲ್ಲ ಅಂದರೆ ಎರಡನೇ ಅಭಿಪ್ರಾಯ ಪಡೆಯಿರಿ. ಆದರೆ ಅದೇ ಪರೀಕ್ಷೆಗಳನ್ನ ಕೆಲವೇ ತಿಂಗಳಲ್ಲಿ ಮತ್ತೆ ಮಾಡಿಸಬೇಡಿ. ವಿಸ್ಕ್ ಥರದ್ದು ನೆನಪಿನಲ್ಲಿ ಉಳಿದು ಅಂಕ ಏರತ್ತೆ. ಹಳೇ ಪರೀಕ್ಷೆಗಳ ಅಂಕಪಟ್ಟಿ ಕೊಂಡೊಯ್ಯಿರಿ.

ಒಳ್ಳೇ ರಿಪೋರ್ಟಿನ ಗುರುತು: ಯಾವ್ಯಾವ ಪರೀಕ್ಷೆ, ಯಾವ ದಿನ, ಪ್ರತಿ ಅಂಕ, ಪ್ರತಿ ಮಾನದಂಡಕ್ಕೆ ನಿಮ್ಮ ಮಗುವಿನದ್ದೇ ಉದಾಹರಣೆ, ಕೊನೆಗೆ ಶಾಲೆಗೆ ಮತ್ತು ಮನೆಗೆ ಬೇರೆ ಬೇರೆ ಸಲಹೆ. ಡಿಎಸ್‌ಎಂ-5 ಪ್ರಕಾರ 1, 2, 3 ಅಂತ ಮಟ್ಟ ಬರೀತಾರೆ. ಅದು ಎಷ್ಟು ನೆರವು ಬೇಕು ಅನ್ನೋದು, ಮೊದಲು ಹೇಳಿದ ಎರಡೂ ಗುಂಪಿಗೆ ಬೇರೆ ಬೇರೆ ಬರೀಬೇಕು. ಹೆಸರು ಬರೆದು ಒಂದೇ ಹಾಳೆಯಲ್ಲಿ ಮುಗಿಸಿದರೆ ಅದು ಸರ್ಟಿಫಿಕೇಟ್ ಅಷ್ಟೇ, ಅದನ್ನ ಹಿಡ್ಕೊಂಡು ಶಾಲೆಯಲ್ಲಿ ಏನೂ ಕೇಳೋಕಾಗಲ್ಲ.

ಬಿಳಿಹಾಳೆ
ಆಟಿಸಂ ಬದಲು ಆಸ್ಪರ್ಜರ್ ಅಂತ ಬರೆಸಿಕೊಳ್ಳೋದು ಒಳ್ಳೇದಲ್ವಾ, ಸೌಮ್ಯ ಅಂತ ಕಾಣತ್ತೆ?

ಅಳತೆಗೋಲು
ಡಿಎಸ್‌ಎಂ-5 ಬಂದ 2013ರಿಂದ ಅದು ಪ್ರತ್ಯೇಕ ವರ್ಗ ಅಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-11ರಲ್ಲೂ ಇಲ್ಲ. "ಸೌಮ್ಯ" ಅಂತ ಕೇಳಿಸಿದ ಮೇಲೆ ಯಾವ ಶಾಲೆಯೂ ನೆರವು ಕೊಡಲ್ಲ.

ಸಂಜೆಮಲ್ಲಿಗೆ
ಕಾಯೋ ತಿಂಗಳುಗಳನ್ನ ಸುಮ್ಮನೆ ಕಳೀಬೇಡಿ ಅಕ್ಕಾ. ನೆರವು ಕೊಡೋಕೆ ರೋಗನಿರ್ಣಯ ಬೇಕಿಲ್ಲ. ಶಾಲೆಯಿಂದ ಬಂದ ಮೊದಲ ಒಂದು ಗಂಟೆ ಪ್ರಶ್ನೆ ಬೇಡ, ಹೋಂವರ್ಕ್ ಬೇಡ, ಮಂದ ಬೆಳಕು, ಅವಳಿಗೆ ಇಷ್ಟದ ಕೆಲಸ. "ಇವತ್ತು ಏನಾಯ್ತು" ಅನ್ನೋದು ರಾತ್ರಿ ಮಲಗೋ ಹೊತ್ತಿಗೆ ಕೇಳಿ. ಸಾಕ್ಸ್ ತಿರುವಿ ಹಾಕಿ, ಹೊಲಿಗೆ ಹೊರಗೆ ಬರತ್ತೆ, ಇಲ್ಲ ಹೊಲಿಗೆ ಇಲ್ಲದ್ದು ಹುಡುಕಿ. ಅಂಗಿಯ ಲೇಬಲ್ ಕತ್ತರಿಸೋದಲ್ಲ, ಹೊಲಿಗೆಯನ್ನೇ ಬಿಚ್ಚಿ ತೆಗೀರಿ. ಕತ್ತರಿಸಿದ ಅಂಚು ಇನ್ನೂ ಚುಚ್ಚತ್ತೆ. ನಾಳೆ ಏನಿದೆ ಅಂತ ರಾತ್ರಿಯೇ ಹಾಳೆಯಲ್ಲಿ ಬರೆದು ತೋರಿಸಿ. ಬದಲಾಗೋ ಸಾಧ್ಯತೆ ಇದ್ದರೆ "ಬಹುಶಃ" ಅಂತ ಪಕ್ಕದಲ್ಲಿ ಬರೀರಿ.

ಸದ್ದು ತಡೆಯೋ ಹೆಡ್‌ಫೋನ್ ಗದ್ದಲದ ಜಾಗಕ್ಕೆ ಮಾತ್ರ. ದಿನವಿಡೀ ಹಾಕಿದ್ರೆ ಕಿವಿ ಇನ್ನೂ ಸೂಕ್ಷ್ಮ ಆಗತ್ತೆ. "ಸಾಯಬೇಕು ಅನ್ಸತ್ತೆ" ಅಂದ್ರೆ, ತನ್ನನ್ನೇ ಹೊಡ್ಕೊಂಡ್ರೆ, ಊಟ ಬಿಟ್ಟರೆ ಸರದಿ ಕಾಯಬೇಡಿ. ಅವತ್ತೇ ವೈದ್ಯರ ಹತ್ತಿರ ಹೋಗಿ.

ಎಲೆಮರೆ
ಅವಳಿಗೆ ಏನಂತ ಹೇಳಿ ಕರ್ಕೊಂಡು ಹೋಗ್ಲಿ? ಸುಳ್ಳು ಹೇಳೋಕೆ ಮನಸ್ಸಿಲ್ಲ.

ಗರಿಗೆದರು
ಸುಳ್ಳು ಖಂಡಿತ ಬೇಡ. "ಆಟ ಆಡೋಕೆ ಹೋಗೋಣ" ಅಂದ್ರೆ ಅಲ್ಲಿಗೆ ಹೋದ ಮೇಲೆ ಅವಳಿಗೆ ಮೋಸ ಅನ್ಸತ್ತೆ. ಅವಳ ಮಾತಿನಿಂದಲೇ ಶುರು ಮಾಡಿ: "ರೂಲ್ಸು ಯಾರೂ ಹೇಳ್ಕೊಟ್ಟಿಲ್ಲ ಅಂದೆಯಲ್ಲ, ನಿನ್ನ ಮಿದುಳು ವಿಷಯಗಳನ್ನ ಹೇಗೆ ತಗೊಳತ್ತೆ ಅಂತ ತಿಳ್ಕೊಂಡಿರೋರು ಒಬ್ಬರಿದ್ದಾರೆ, ಅವರ ಹತ್ರ ಹೋಗ್ತಿದ್ದೀವಿ. ಕೆಲವು ಪ್ರಶ್ನೆ, ಕೆಲವು ಒಗಟು, ಮಾತು. ಪಾಸು ಫೇಲು ಇಲ್ಲ. ಗೊತ್ತಿಲ್ಲ ಅನ್ನಬಹುದು, ಬಿಡುವು ಕೇಳಬಹುದು. ಇಂಜೆಕ್ಷನ್ ಇಲ್ಲ." ಎರಡು-ಮೂರು ದಿನ ಮುಂಚೆ ಹೇಳಿ, ತಿಂಗಳು ಮುಂಚೆ ಹೇಳಿದ್ರೆ ಆತಂಕ ಬೆಳೆಯತ್ತೆ. "ಅಲ್ಲಿ ಒಳ್ಳೇ ಹುಡುಗಿ ಥರ ಇರು" ಅಂತ ಮಾತ್ರ ಅನ್ನಬೇಡಿ, ಮಾಸ್ಕ್ ಹಾಕ್ಕೋ ಅಂತ ನೀವೇ ಹೇಳಿದ ಹಾಗಾಗತ್ತೆ. ಕನ್ನಡಕ ಇದ್ದರೆ ಮರೀಬೇಡಿ. ಯಾವುದಾದ್ರೂ ಮಾತ್ರೆ ನಡೀತಿದ್ರೆ ಅವತ್ತು ಕೊಡಬೇಕಾ ಬೇಡವಾ ಅಂತ ಮೊದಲೇ ಕೇಳಿ. ಸಾಧ್ಯವಾದ್ರೆ ಬೆಳಗಿನ ಸಮಯ ತಗೊಳ್ಳಿ.

ತಿರುಗುಬಾಣ
ಶಾಲೆಗೆ ರಿಪೋರ್ಟ್ ಪೂರ್ತಿ ಕೊಡಬೇಕಾ? ನನ್ನ ಭಯ ಇರೋದೇ ಅಲ್ಲಿ.

ಮೂರನೇಬೆಂಚು
ಬೇಡ ಸರ್, ನಿಮ್ಮ ಭಯ ಸರಿಯಾಗೇ ಇದೆ. ಪೂರ್ತಿ ರಿಪೋರ್ಟಿನಲ್ಲಿ ಬಸುರಿಯ ವಿವರ, ಮನೆಯವರ ಮಾನಸಿಕ ಆರೋಗ್ಯ, ಗಂಡ-ಹೆಂಡತಿ ವಿಷಯ ಎಲ್ಲ ಇರತ್ತೆ. ಅದು ಸ್ಟಾಫ್ ರೂಮಿನ ಮೇಜಿನ ಮೇಲೆ ಬೀಳಬಾರದು. ಫೀಡ್‌ಬ್ಯಾಕ್ ದಿನವೇ "ಶಾಲೆಗೆ ಎರಡು ಪುಟದ ಸಾರಾಂಶ ಬೇರೆ ಮಾಡಿಕೊಡಿ" ಅಂತ ಕೇಳಿ, ಆಮೇಲೆ ಕೇಳಿದ್ರೆ ವಾರಗಟ್ಟಲೆ ಆಗತ್ತೆ. ಅದರಲ್ಲಿ ನಿರ್ಣಯ, ಮಗುವಿಗೆ ಯಾವುದು ಕಷ್ಟ, ಟೀಚರ್ ನಾಳೆಯಿಂದಲೇ ಮಾಡಬಹುದಾದ ನಾಲ್ಕೈದು ಕೆಲಸ ಇದ್ದರೆ ಸಾಕು. ಕೊಡುವಾಗ ಯಾರ್ಯಾರು ಓದ್ತಾರೆ, ಎಲ್ಲಿಡ್ತಾರೆ ಅಂತ ಕೇಳಿ, ಕೊಟ್ಟ ದಿನಾಂಕ ಬರೆದು ಸಹಿ ಹಾಕಿಸಿಕೊಳ್ಳಿ. ಮುಂದಿನ ವರ್ಷ ಕ್ಲಾಸ್ ಟೀಚರ್ ಬದಲಾದಾಗ ಹೊಸಬರಿಗೆ ಅದು ತಾನಾಗಿ ತಲುಪಲ್ಲ, ಶಾಲೆ ಶುರುವಾಗೋ ಮುಂಚಿನ ವಾರ ನೀವೇ ಮತ್ತೊಂದು ಪ್ರತಿ ಕೊಟ್ಟು ಬನ್ನಿ.